ಹೆಂಚಿನ ಮಂಜಿ

ಪುಸ್ತಕಕ್ಕೆ ರಟ್ಟು ಕಟ್ಟುವುದು ನನ್ನ ಕೆಲಸ,
ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹಿಂದೆ, ಒಂದು ಮೆಟ್ಟಿಲಡಿ.
ಕತ್ತರಿ ಯಂತ್ರ ಬಾಯಿ ಮುಚ್ಚಿದಾಗಲೆಲ್ಲ
ಉದುರುವುದು ಬರೀ ಅಂಚು.
ಕನ್ನಡದ ಪಾಠಪುಸ್ತಕದ್ದೋ, ಮಲಯಾಳದ ರಶೀದಿ ಬುಕ್ಕಿನದ್ದೋ,
ಬಿದ್ದ ಮೇಲೆ ಹೇಳಲಾಗದು.
ಅಂಚಿನಲ್ಲಿ ಯಾರೂ ಏನೂ ಬರೆದಿರುವುದಿಲ್ಲ.

ಹೊಸ ಹೋಟೆಲಿನ ಸುಬೈರ್ ಕೇಳಿದ್ದು ಒಂದು ಮಂಜಿ,
ಗಾಜಿನ ಪೆಟ್ಟಿಗೆಯಲ್ಲಿಡಲು, ಮೂರು ಗೇಣು ಉದ್ದ.
ನಾನು ಹಡಗು ಹತ್ತಿದವಳಲ್ಲ.
ಚಂದ್ರಗಿರಿ ಹೊಳೆ ದಾಟಿದ್ದೂ ಬಸ್ಸಿನಲ್ಲೇ.
ಸಬ್‌ರಿಜಿಸ್ಟ್ರಾರ್ ಆಫೀಸಿನ ದಪ್ಪ ರಟ್ಟು ಅಡಿಮರಕ್ಕಾಯಿತು,
ಕ್ಯಾಲೆಂಡರಿನ ಬೆನ್ನು ಪಕ್ಕೆಲುಬಿಗೆ.
ಅಂಚುಗಳನ್ನು ಎರಡು ನೂಲಿನಗಲಕ್ಕೆ ಸೀಳಿ
ಮೈದಾ ಅಂಟಿನಲ್ಲಿ ಚಿಟಿಕೆ ಮೈಲುತುತ್ತ ಬೆರೆಸಿ
ಹಲಗೆ ಹೊದೆಸಿದೆ. ಮೈಲುತುತ್ತವಿಲ್ಲದಿದ್ದರೆ
ಸಮುದ್ರಕ್ಕೆ ಮೊದಲು ಜಿರಳೆಯೇ ಮುಳುಗಿಸುತ್ತದೆ.
ಮೂತಿ ಬಾಗಲಿಲ್ಲ.
ಚಹಾದ ಕೆಟ್ಲಿನ ಹಬೆಗೆ ಹಿಡಿದೆ, ಬಾಗಿತು.

ಪಕ್ಕದ ಜೆರಾಕ್ಸಿನಂಗಡಿಯ ಹುಡುಗ ಸಂಜೆಸಂಜೆ
ತನ್ನ ಅಜ್ಜನನ್ನು ನನ್ನ ಬೆಂಚಿನಲ್ಲಿ ಕೂರಿಸಿ ಹೋಗುತ್ತಿದ್ದ.
ತಳಂಗರೆಯ ಅಂದುಂಞಿಚ್ಚ, ಹಳೆಯ ಖಲಾಸಿ.
ಸಕ್ಕರೆ ಕಾಯಿಲೆ ಕಣ್ಣು ಕೊಂಡೊಯ್ದ ಮೇಲೆ
ಬೆರಳಲ್ಲೇ ಲೋಕ.
‘ಕೂವೆಮರ ಯಾಕೆ ಮೋಳೇ ಇಷ್ಟು ನೆಟ್ಟಗೆ?
ಬಾವುಟದ ಕಂಬವಾ ಇದು? ಮುಂದಕ್ಕೆ ಬಾಗಲಿ,
ಸಾಲ ಕೇಳಲು ಹೋದವನ ಹಾಗೆ.’
ಕಿತ್ತು ಬಾಗಿಸಿದೆ.

ಹಾಯಿ ಎಂದೆ. ಪಾಯ ಎಂದರು.
ಅವರ ಮಾತಲ್ಲಿ ಮಲಗುವ ಚಾಪೆಯೂ ಪಾಯವೇ.
ನಮ್ಮ ಪಕಾರ ಯಾವ ಕಾಲದಲ್ಲೋ ಹಕಾರವಾಗಿ
ಹಗುರವಾಯಿತು, ಗಾಳಿ ತುಂಬಿಕೊಂಡಿತು;
ಅವರದು ಸುರುಳಿ ಸುತ್ತಿ ಮೂಲೆಗಿಟ್ಟರೂ
ಮೈಬೆಚ್ಚಗೆ ಹಾಗೇ ಉಳಿಯಿತು.
ಯಾವುದು ಅಂಟಿಸಲಿ ಎಂದು ಕೇಳಲಿಲ್ಲ ನಾನು.
ದಿಂಬಿನ ಹಳೆ ಲೆಕ್ಕ ಬರೆದ ತೆಳು ಕಾಗದವಿತ್ತು,
ಅದನ್ನೇ ಕತ್ತರಿಸಿದೆ.

ಹಿಂಬದಿಯನ್ನು ತಡವಿ ಸಿಟ್ಟಾದರು ಒಂದು ದಿನ:
‘ಕಕ್ಕಸಿಲ್ಲ! ಹದಿನಾಲ್ಕು ಜನ ಎಲ್ಲಿಗೆ ಹೋಗಬೇಕು?’
ಬೆಂಕಿಪೆಟ್ಟಿಗೆಯ ರಟ್ಟಿನಿಂದೊಂದು ಗೂಡು ಮಾಡಿ
ನೀರಿನ ಮೇಲೆ ತೂಗುವಂತೆ ನೇತುಹಾಕಿದೆ.
ಅಡಿಗೆಯ ಪೆಟ್ಟಿಗೆ ಎಲ್ಲಿ, ಎಂದು ಮಾತ್ರ
ಮೆಲ್ಲಗೆ ಕೇಳಿದರು.
ಹನ್ನೊಂದನೆಯ ವರ್ಷಕ್ಕೆ ಭಂಡಾರಿಯಾಗಿ ಹತ್ತಿದವರು.
ಅಕ್ಕಿಕಾಳಿನಷ್ಟು ಒಬ್ಬ ಹುಡುಗನನ್ನು
ಒಲೆಯ ಬಳಿ ಕೂರಿಸಿದೆ. ಅದಕ್ಕವರು ಏನೂ ಹೇಳಲಿಲ್ಲ.

ಕೊನೆಗೆ ಸರಕು. ಮಂಗಳೂರು ಹೆಂಚು.
ಮದುವೆ ಕಾಗದದ ಕೆಂಪಿನಿಂದ ಕತ್ತರಿಸಿದ್ದು
ಆರುನೂರ ನಲವತ್ತು. ಹತ್ತೊಂಬತ್ತು ರಾತ್ರಿ.
ಚಿಮಟದಲ್ಲಿ ಹಿಡಿದು ಸಾಲುಸಾಲಾಗಿ ನಿಲ್ಲಿಸಿ
ಮೊದಲು ಅವರ ಕೈಗೇ ಕೊಟ್ಟೆ.

ಬೆರಳು ಮೂತಿಯಿಂದ ಹೊರಟಿತು, ಹಗ್ಗ ಹತ್ತಿತು, ಇಳಿಯಿತು,
ಹೆಂಚಿನ ಮೇಲೆ ನಿಂತಿತು.
‘ವೆಂಗುರ್ಲದೆದುರು,’ ಎಂದರು.
ಉಗುರು ಕೊಟ್ಟು ಒಂದನ್ನು ಎಬ್ಬಿಸಿದರು. ಟಕ್ಕೆಂದಿತು.
‘ಇದನ್ನು ಎಸೆದೆವು.’
ಇನ್ನೊಂದು. ‘ಇದನ್ನೂ.’
ನನ್ನ ಕೈ ಮುಂದೆ ಹೋದದ್ದು ಹೌದು. ಹಿಡಿಯಲಿಲ್ಲ.
‘ಸ್ರಾಂಗ್ ಕೂಗುತ್ತಿದ್ದ, ಎಡಬದಿಯದು, ಎಡಬದಿಯದು ಮೊದಲು.
ನಾನು ಚಿಕ್ಕವ, ಒಂದು ಸಲಕ್ಕೆ ಎರಡೇ.’
ಎರಡೆರಡೇ ಕಿತ್ತರು.
ಅಂಗಡಿಗಳ ಶಟರ್ ಒಂದೊಂದೇ ಇಳಿಯಿತು.
ಮೊಮ್ಮಗ ಬಂದು ಬಾಗಿಲಲ್ಲಿ ನಿಂತ, ಕರೆಯಲಿಲ್ಲ.
ಎಡಬದಿ ಪೂರ್ತಿ ಬರಿದಾದ ಮೇಲೆ
ಮಂಜಿಯನ್ನು ಅಂಗೈಯಲ್ಲಿ ತೂಗಿ ನೋಡಿ,
‘ಈಗ ಎದ್ದಿತು,’ ಎಂದರು.

ಬೆಳಿಗ್ಗೆ ಗುಡಿಸಿದೆ. ಅಂಚುಗಳ ರಾಶಿಯಲ್ಲಿ ಕೆಂಪು ಕೆಂಪು.
ಅಂಟು ಇತ್ತು, ಚಿಮಟ ಇತ್ತು,
ಸುಬೈರ್ ಬರಲು ಇನ್ನೂ ಎರಡು ದಿನವಿತ್ತು.

ಬಂದ. ಎಣಿಸಲಿಲ್ಲ, ಆದರೂ ವ್ಯಾಪಾರಿ.
‘ಗುಲಾಬಿಯಕ್ಕ, ಒಂದು ಬದಿ ಖಾಲಿ ಉಂಟಲ್ಲ?’
‘ಹೌದು,’ ಎಂದೆ. ‘ಅಷ್ಟು ಕಡಿಮೆ ಮಾಡಿ ಕೊಡಿ.’