ಹುಟ್ಟು ನೋಂದಣಿ

ಪಂಚಾಯ್ತಿ ಕಿಟಕಿಯಲ್ಲಿ ಹನ್ನೊಂದು ವರ್ಷದಿಂದ
ಹೆಸರು ಬರೆಯುತ್ತ ಕೂತಿದ್ದೇನೆ.
ನನ್ನ ಹೆಸರಿನವರು ಇದೇ ಕಟ್ಟಡದಲ್ಲಿ ಮೂವರು:
ನೀರಿನ ಬಿಲ್ಲಿನ ಸವಿತಾ, ಅಂಗನವಾಡಿ ಸವಿತಾ,
ನಾನು ಕನ್ನಡಕದ ಸವಿತಾ.
ಒರೆಸಲು ಕನ್ನಡಕ ತೆಗೆದರೆ
ಅರೆನಿಮಿಷ ನಾನು ಯಾರೂ ಅಲ್ಲ.

ಹೆಸರಿಗೂ ಮೀನಿನ ಹಾಗೆ ಸುಗ್ಗಿಯಿದೆ.
ಒಂದು ವರ್ಷ ಬರೀ ಆದ್ಯಾ,
ಮರುವರ್ಷ ಬಲೆ ಹರಿಯುವಷ್ಟು ಸಾನ್ವಿ,
ಆಮೇಲೆ, ಅರ್ಥ ಕೇಳಿದರೆ
ಅಪ್ಪ ಅಮ್ಮ ಇಬ್ಬರೂ ಮೊಬೈಲು ತೆಗೆಯುವಂಥವು.
ನಾನು ಕೇಳುವುದಿಲ್ಲ.
ಒತ್ತು ಎಲ್ಲಿ, ದೀರ್ಘ ಎಲ್ಲಿ, ಅಷ್ಟೇ ನನ್ನ ಕೆಲಸ.

ಮೊನ್ನೆ, ಇಳಿತದ ಹೊತ್ತು,
ನಾಗವೇಣಿ ಹರಿಕಂತ್ರ ಬಂದಳು.
ಹೆಗಲಿಗೆ ನಲವತ್ತು ದಿನದ ಕೂಸು,
ಸೆರಗಿನ ತುದಿಗೆ ಗಂಟು ಹಾಕಿದ ಆಸ್ಪತ್ರೆ ಚೀಟಿ.
ಹೆಸರು?
ತಾರಿ.
ಕಂಪ್ಯೂಟರ್ ಹುಡುಗ ತಲೆಯೆತ್ತದೆ ಅಂದ:
ತಾರೀಕು ಆಮೇಲೆ, ಮೊದಲು ಹೆಸರು.
ತಾರಾ ಇರಬೇಕು, ಅಂದೆ ನಾನು.
ಅಲ್ಲ ಅಕ್ಕೋರೆ. ತಾರಿ.

ಬೆಂಚಿನಲ್ಲಿ ಕೂತವರಿಗೆಲ್ಲ ಅರ್ಥ ಗೊತ್ತಿತ್ತು.
ಪಿಂಚಣಿಗೆ ಬಂದ ಮಾಸ್ತರರು: ನಕ್ಷತ್ರ ಅದು,
ಜನರ ಬಾಯಲ್ಲಿ ಸವೆದಿದೆ.
ಬೇರುಬಳ್ಳಿ ಕೊಡುವ ಹೊನ್ನಪ್ಪ ಗೌಡ: ಛೆ, ತಾರೆಮರ.
ಅದರ ಕಾಯಿ ಕೆಮ್ಮಿಗೆ ಆಗ್ತದೆ.
ಪಿಯೇದಾದ್ ಬಾಯಿ ಪಡಿತರ ಚೀಟಿಯಿಂದ ಗಾಳಿ ಹಾಕಿಕೊಳ್ಳುತ್ತ:
ನಮ್ಮ ಕೊಂಕಣಿಯಲ್ಲಿ ತಾರ್ ಅಂದರೆ
ಹೊಳೆ ದಾಟೋ ಜಾಗ, ಮತ್ತೆಂತದೂ ಅಲ್ಲ.

ನಾಗವೇಣಿ ಅವಳ ಕಡೆ ತಿರುಗಿ ನಕ್ಕಳು.
ಅಜ್ಜಿಯ ಅಪ್ಪ ಗಂಗಾವಳಿಯಲ್ಲಿ ದೋಣಿ ಹಾಕುತ್ತಿದ್ದನಂತೆ.
ಆವತ್ತು ಅವನು ನಡುಹೊಳೆಯಲ್ಲಿ.
ಮಂಜಗುಣಿ ದಡದಿಂದ ಹೆಂಗಸರು ಕೂಗಿದರು:
ಹೆಣ್ಣುಕೂಸು! ಎಂತ ಹೆಸರು ಇಡೂದು?
ಅದೇ ಹೊತ್ತಿಗೆ ಆಚೆ ದಡದಲ್ಲಿ
ಎಮ್ಮೆಕರು ಹಿಡಿದು ನಿಂತವನೊಬ್ಬ
ದೋಣಿ ಕರೆಯಲು ಬಾಯಿಗೆ ಕೈ ಅಡ್ಡ ಹಿಡಿದ:
ತಾರೀ...
ನೀರಿನ ಮೇಲೆ ಹಾಯ್ದು ಬಂದ ಉತ್ತರವನ್ನು
ಈಚೆಯವರು ತೊಟ್ಟಿಲಿಗೆ ಹಾಕಿದರು.
ಅವನು ದಡ ಮುಟ್ಟಿ, ವಿಷಯ ತಿಳಿದು,
ಬೀಡಿ ಹಚ್ಚಿದನೇ ಹೊರತು ತಿದ್ದಲಿಲ್ಲ.

ಆಮೇಲೆ ಆ ಹುಡುಗಿಗೆ ಬಿಡುವಿಲ್ಲ.
ಹೊಳೆಯ ಎರಡೂ ದಡದಲ್ಲಿ
ಮದುವೆಗೆ ಹೋಗುವವರು, ಹೆರಿಗೆಗೆ ಹೋಗುವವರು,
ಕೋರ್ಟಿಗೆ, ಸಂತೆಗೆ, ಸಾಲ ಕೇಳಲಿಕ್ಕೆ ಹೋಗುವವರು
ಬೆಳಗಿನಿಂದ ಕಪ್ಪಾಗುವವರೆಗೆ
ಅವಳನ್ನೇ ಕೂಗುತ್ತಿದ್ದರು.
ಏಳು ವರ್ಷದವರೆಗೂ ಪ್ರತಿಸಲ
ಓ ಅನ್ನುತ್ತ ಅಂಗಳಕ್ಕೆ ಓಡಿ ಬರುತ್ತಿದ್ದಳಂತೆ.

ಹುಡುಕಿ ನೋಡಿದೆ. ಕಂಪ್ಯೂಟರಿನಲ್ಲಿ ಆ ಹೆಸರು ಸೊನ್ನೆ.
ಗೆದ್ದಲು ಹತ್ತಿದ ದಪ್ಪ ಪುಸ್ತಕದಲ್ಲಿ ಒಂದೇ ಒಂದು,
ಅದನ್ನೂ ಯಾವನೋ ಗುಮಾಸ್ತ ಕೆಂಪು ಶಾಯಿಯಲ್ಲಿ ಹೊಡೆದು
ತಾರಾಬಾಯಿ ಮಾಡಿದ್ದ.
ಮಾಡಲಿಕ್ಕೆ ಹೊರಟಿದ್ದೆ, ನಾನೂ.

ಅಚ್ಚಿನ ನಮೂನೆಯಲ್ಲಿ ಜನನ ಎಂದಿದೆ.
ಹುಟ್ಟು ಅನ್ನಬಹುದಿತ್ತು.
ಹೊಳೆಯವರಿಗೆ ಹುಟ್ಟು ಅಂದರೆ ಎರಡು,
ಎರಡೂ ನೀರಿನಲ್ಲೇ ಶುರು.

ಇಂಗ್ಲಿಷ್ ಅಕ್ಷರಕ್ಕೆ ಇಳಿದಾಗ ಪರದೆಯ ಮೇಲೆ
ಅದು ಟಾರಿ ಆಯಿತು.
ಹೊರಗೆ ಅರ್ಧ ಸೇತುವೆ ಬಾಯಿ ತೆರೆದು ನಿಂತಿದೆ,
ಇನ್ನರ್ಧಕ್ಕೂ ಬರುವುದು ಟಾರೇ.
ಕನ್ನಡದ ಸಾಲಿನಲ್ಲಿ ಮಾತ್ರ
ತಕ್ಕೆ ದೀರ್ಘ, ರಕ್ಕೆ ಗುಡಿಸು,
ನಾನೇ ಒತ್ತಿದೆ, ಎರಡು ಸಲ ಓದಿಕೊಂಡೆ.

ಅವಳು ಹೋದ ಮೇಲೆ ನೋಡಿದರೆ
ರಸೀದಿ ಮೇಜಿನ ಮೇಲೇ ಉಳಿದಿದೆ.
ಓಡಿದೆ ಕಡವಿನವರೆಗೆ, ಚಪ್ಪಲಿಯೂ ಇಲ್ಲದೆ.
ನಾಗವೇಣೀ ಅನ್ನಬೇಕಿತ್ತು.
ಬಾಯಲ್ಲಿ ಬಂದದ್ದು ಇನ್ನೊಂದು.

ಅವಳು ಆಗಲೇ ಬಸ್ಸು ಹತ್ತಿದ್ದಳೋ ಏನೋ.
ಆಚೆ ದಡದಲ್ಲಿ ಇಂಜಿನ್ನಿನ ಪಕ್ಕ
ಕುಕ್ಕರಗಾಲಲ್ಲಿ ಕೂತಿದ್ದ ಮುದುಕ ಎದ್ದು
ಕೈ ಎತ್ತಿದ:
ಹ್ವಾ, ಬಂದೆ, ನಿಲ್ಲಿ!

ಹೊಗೆ ಬಿಡುತ್ತ ದೋಣಿ ನನ್ನ ಕಡೆ ತಿರುಗಿತು.
ಕೈಯಲ್ಲಿ ರಸೀದಿ,
ದಾಟುವ ಕೆಲಸ ನನಗೆ ಏನೂ ಇರಲಿಲ್ಲ.
ನಿಂತೆ.