ಕನ್ನಡಕ ತೆಗೆಯುವ ಪಾತ್ರ

ಹೊಳೆಹೊನ್ನೂರಿನ ಹಾಲೇಶಪ್ಪ ಮಾವ
ಮೂವತ್ತೆಂಟು ಚಿತ್ರಗಳಲ್ಲಿ ಡಾಕ್ಟರು.
ಬಾಗಿಲು ತೆರೆದು ಬರುವುದು, ಕನ್ನಡಕ ತೆಗೆಯುವುದು,
‘ಇನ್ನೆಲ್ಲ ದೇವರ ಕೈಲಿ’ ಅನ್ನುವುದು.
ಅಷ್ಟೆ. ಮುಂದಿನದು ನಾಯಕಿಯ ಅಳು.

ಕನ್ನಡಕಕ್ಕೆ ಗಾಜಿರಲಿಲ್ಲ,
ದೀಪ ಹೊಳೆಯುತ್ತದೆಂದು ಕಿತ್ತಿದ್ದರಂತೆ.
ಸ್ಟೆತಾಸ್ಕೋಪು ಕಂಪನಿಯದು, ಕೋಟು ಸ್ವಂತದ್ದು;
ಅತ್ತೆ ಗಂಜಿ ಹಾಕಿ ಇಸ್ತ್ರಿ ಮಾಡುತ್ತಿದ್ದಳು.

ಸಂತೆಯಲ್ಲಿ ಯಾರಾದರೂ ಕೈ ಚಾಚುತ್ತಿದ್ದರು:
‘ನಾಡಿ ಒಂಚೂರು ನೋಡ್ರಿ, ಡಾಕ್ಟ್ರೇ.’
ಅವನೂ ಹಿಡಿಯುತ್ತಿದ್ದ,
ಕಣ್ಣು ಮುಚ್ಚಿ, ಎಣಿಸುತ್ತ.

ಅತ್ತೆಯನ್ನು ಮೆಗ್ಗಾನ್ ಆಸ್ಪತ್ರೆಗೆ ಸೇರಿಸಿದ ರಾತ್ರಿ
ಬೆಂಚಿನ ಮೇಲೆ ಬಾಗಿಲನ್ನೇ ನೋಡುತ್ತ ಕೂತ.
ಬಂದವನು ಇಪ್ಪತ್ತೈದರ ಹುಡುಗ,
ಕನ್ನಡಕವೇ ಇಲ್ಲ. ತಡವರಿಸಿದ,
ಬೆವರಿದ, ನೆಲ ನೋಡಿದ.

ಮಾವನೇ ಎದ್ದು, ತನ್ನದು ತೆಗೆದು,
ಹುಡುಗನ ಭುಜ ಮುಟ್ಟಿದ:
‘ಬಿಡಪ್ಪಾ, ಗೊತ್ತಾಯ್ತು.’