ಕಸದ ಬುಟ್ಟಿಗಳ ನಕ್ಷೆ

ನವೆಂಬರ್ ಇಪ್ಪತ್ತೊಂದಕ್ಕೆ ಗುಡ್ಡದ ಆಚೆ ಇಳಿದ ಸೂರ್ಯ
ಇನ್ನು ಎರಡು ತಿಂಗಳು ಟ್ರೊಮ್ಸೊ ಕಡೆ ತಲೆ ಹಾಕುವುದಿಲ್ಲ.
ಬಂದರಿನ ಎದುರು, ನಾಲ್ಕನೆಯ ಮಹಡಿ, ಹಡಗು ವಿಮೆಯ ಕಚೇರಿ.
"ಮೂವತ್ತೆಂಟು ಜನ, ಒಬ್ಬರ ಮುಖದಲ್ಲೂ ಕಳೆಯಿಲ್ಲ,
ಏನಾದರೂ ಮಾಡಿ," ಎಂದ ಮ್ಯಾನೇಜರ್ ಎಯ್ಲಿಫ್,
ಬಾಡಿದ ಗಿಡವನ್ನು ನರ್ಸರಿಗೆ ಮರಳಿ ತಂದವನ ಹಾಗೆ.

ಅಳೆದೆ. ಅಳೆಯುವುದೇ ನನ್ನ ಕಸುಬು.
ಮೇಜಿನ ಮೇಲೆ ಬೆಳಕು: ಐನೂರು ಲಕ್ಸ್, ನಿಯಮಕ್ಕೆ ಸರಿ.
ಕುರ್ಚಿ: ಏರುತ್ತದೆ, ಇಳಿಯುತ್ತದೆ, ಸೊಂಟಕ್ಕೆ ಒತ್ತು ಕೊಡುತ್ತದೆ.
ಗಾಳಿ ಮಾತ್ರ ಮಧ್ಯಾಹ್ನ ಮೂರಕ್ಕೆ ಹಳಸುತ್ತಿದ್ದುದು ನಿಜ;
ಚಾವಣಿಯ ಕೊಳವೆ ಬಿಚ್ಚಿದರೆ ಹನ್ನೊಂದು ವರ್ಷದ ಧೂಳು,
ಅದರ ನಡುವೆ ಯಾರದೋ ಪಿಂಗ್‌ಪಾಂಗ್ ಚೆಂಡು.
ತೆಗೆಸಿದೆ. ಗಾಳಿ ಹರಿಯಿತು.
ಮುಖಗಳು ಹಾಗೆಯೇ ಇದ್ದವು.

ಸಂಜೆ ಆರಕ್ಕೆ (ಬೆಳಿಗ್ಗೆ ಆರಕ್ಕೂ ಅದೇ ಕತ್ತಲು)
ಎಲ್ಲರೂ ಹೊರಟ ಮೇಲೆ ಬಂದಳು ಅಬ್ರೆಹೆತ್,
ಎರಿಟ್ರಿಯದ ಕೆರೆನ್ ಊರಿನವಳು, ಒಂಬತ್ತು ವರ್ಷದಿಂದ
ಈ ಮಹಡಿಯನ್ನು ಗುಡಿಸಿ ಒರೆಸುವವಳು.
ನನ್ನ ಯಂತ್ರವನ್ನು ಕೈಗೆತ್ತಿಕೊಂಡು ಕೇಳಿದಳು:
"ಇದು ಬುಟ್ಟಿಯೊಳಗೂ ನೋಡುತ್ತದಾ?"

ಆಮೇಲೆ ನಡೆಸಿಕೊಂಡು ಹೋದಳು, ಬುಟ್ಟಿಯಿಂದ ಬುಟ್ಟಿಗೆ.
"ಈ ಏಳನೆಯ ಮೇಜಿನಡಿ ದಿನಾ ಎರಡು, ತಲೆನೋವಿನ ಮಾತ್ರೆಯ ಖಾಲಿ ಹಾಳೆ.
ಕೂತು ನೋಡಿ, ಆ ದೀಪ ಪರದೆಗೆ ಬಡಿದು ನೇರ ಕಣ್ಣಿಗೇ ಬರುತ್ತದೆ.
ಇಲ್ಲಿ ಬ್ರೆಡ್ಡಿನ ಅಂಚು, ಸೇಬಿನ ದಿಂಡು. ಊಟದ ಕೋಣೆಗೆ ಹೋಗುವುದಿಲ್ಲ,
ಅಲ್ಲಿರುವುದು ಒಂದೇ ಉದ್ದ ಮೇಜು, ಅದರ ತುದಿಗೆ ಎಯ್ಲಿಫ್.
ಪ್ರಿಂಟರಿನ ಹಿಂದೆ ಉಣ್ಣೆಯ ಕಾಲುಚೀಲ ಬಚ್ಚಿಟ್ಟಿದ್ದಾರೆ,
ನೆಲಕ್ಕೆ ಕೈಯಿಡಿ, ಅಲ್ಲಿಂದಲೇ ಒಳಬರುವುದು ಸಮುದ್ರ."
ಕೈಯಿಟ್ಟೆ. ಬರುತ್ತಿತ್ತು.

ಹಳೆ ಕಡತಗಳ ಕೋಣೆಯ ಬಾಗಿಲಲ್ಲಿ ದನಿ ತಗ್ಗಿಸಿದಳು.
"ಗುರುವಾರದ ಮೀಟಿಂಗ್ ಆದ ಮೇಲೆ ಇಲ್ಲಿನ ಬುಟ್ಟಿ ತುಂಬ ಟಿಶ್ಯೂ.
ಗೋಡೆಗೆ ಮುಖಮಾಡಿದ ಕುರ್ಚಿ, ನಾನು ಬಂದಾಗ ಇನ್ನೂ ಬೆಚ್ಚಗೆ."
ಯಾರು ಎಂದು ನಾನು ಕೇಳಲಿಲ್ಲ, ಅವಳು ಹೇಳುವವಳೂ ಅಲ್ಲ.

ಆ ರಾತ್ರಿಯ ನಕ್ಷೆಯಲ್ಲಿ ಆ ಕೋಣೆ ನೆಮ್ಮದಿ ಕೊಠಡಿಯಾಯಿತು:
ಗಾಜಿನ ಗೋಡೆ, ಪಾಚಿಯ ಚಿತ್ರ, ಮೆತ್ತನೆ ದಿಂಬು.
ಮರುದಿನ ತೋರಿಸಿದೆ, ಸ್ವಲ್ಪ ಹೆಮ್ಮೆಯಿಂದಲೇ.
"ಗಾಜು ಹಾಕಿದರೆ," ಎಂದಳು ಬಕೆಟ್ ಕೆಳಗಿಟ್ಟು,
"ಅಳುವವರು ಇನ್ನೆಲ್ಲಿಗೆ ಹೋಗಬೇಕು?"
ಅಳಿಸಿದೆ. ಗೋಡೆ ಗೋಡೆಯಾಗಿಯೇ ಉಳಿಯಿತು. ಬಾಗಿಲಿಗೆ
ಒಳಗಿನಿಂದ ಹಾಕುವ ಒಂದು ಚಿಲಕ, ಅಷ್ಟೇ ಸೇರಿಸಿದ್ದು.

ದೀಪ ಓರೆಯಾಯಿತು. ಉದ್ದ ಮೇಜು ಗರಗಸಕ್ಕೆ ಸಿಕ್ಕು ನಾಲ್ಕಾಯಿತು.
ನೆಲದ ಬಿರುಕಿಗೆ ಕುರಿಯುಣ್ಣೆ ತುರುಕಿದೆವು.
ಬಿಲ್ ಕಳಿಸುವ ಮುನ್ನ ಮೇಜು ಎಣಿಸುವಾಗ ಹೊಳೆಯಿತು:
ಮೂವತ್ತೊಂಬತ್ತನೆಯವಳೊಬ್ಬಳಿದ್ದಾಳೆ,
ಮೆಟ್ಟಿಲ ಕೆಳಗೆ ಬೋರಲು ಬಕೆಟ್ಟಿನ ಮೇಲೆ ಕೂತು ಶೂ ಬದಲಿಸುತ್ತಾಳೆ.
ಅಲ್ಲಿ ಎಷ್ಟು ಲಕ್ಸ್? ನಾನು ಅಳೆದಿರಲಿಲ್ಲ.
ಏನು ಬೇಕು ಎಂದೆ, ತಡವಾಗಿ, ನಾಚಿಕೊಂಡು.
"ಕೋಟು ನೇತುಹಾಕಲು ಒಂದು ಗೂಟ. ಮತ್ತೆ..." ಯೋಚಿಸಿದಳು. "ಹಗಲು."

ಎಯ್ಲಿಫ್ ತಕರಾರು ತೆಗೆದ: ಹಗಲಲ್ಲಿ ವ್ಯಾಕ್ಯೂಮ್ ಸದ್ದು, ಜನಕ್ಕೆ ಕಿರಿಕಿರಿ.
ಕಿರಿಕಿರಿಯಾಯಿತು ಕೂಡ. ಕಾಲೆತ್ತಬೇಕಾಯಿತು,
ಕಾಲೆತ್ತಿದ ಮೇಲೆ ಏನಾದರೂ ಮಾತಾಡಲೇಬೇಕಾಯಿತು,
ಮಾತಾಡಲು ಹೆಸರು ಗೊತ್ತಿರಬೇಕಾಯಿತು.
ಒಂಬತ್ತು ವರ್ಷದ ಮೇಲೆ ಒಬ್ಬ ಕೇಳಿದ, ಹೆಸರಿನ ಅರ್ಥವೇನೆಂದು.
"ಬೆಳಗಿದಳು," ಎಂದು ಹೇಳಿ ಅವನ ಬುಟ್ಟಿ ಬಗ್ಗಿಸಿಕೊಂಡು ಹೋದಳು.

ಜನವರಿ ಇಪ್ಪತ್ತೊಂದು, ಮಧ್ಯಾಹ್ನ. ಗುಡ್ಡದ ತಗ್ಗಿನಲ್ಲಿ
ನಾಲ್ಕು ನಿಮಿಷ ಸೂರ್ಯ. ಮೂವತ್ತೊಂಬತ್ತು ಜನ ಕಿಟಕಿಗೆ ಮುತ್ತಿ
ಊರಿನ ಪದ್ಧತಿಯಂತೆ ಸೂರ್ಯನ ಬನ್ನು ಕಚ್ಚಿದರು,
ಗಲ್ಲಕ್ಕೆ ಜಾಮು, ಗಾಜಿಗೆ ಉಸಿರು.
ಏಳನೆಯ ಮೇಜಿನ ಬುಟ್ಟಿಯಲ್ಲಿ ಮಾತ್ರೆಯ ಹಾಳೆ
ಇನ್ನೂ ಇತ್ತು; ಎರಡಲ್ಲ, ಒಂದು.
ಕಡತದ ಕೋಣೆಯ ಚಿಲಕದ ವಿಷಯ ನನಗೆ ಗೊತ್ತಿಲ್ಲ.
ಬನ್ನಿನ ಸಕ್ಕರೆ ಕಾರ್ಪೆಟ್ಟಿನ ಮೇಲೆಲ್ಲ ಉದುರಿತು.
"ಈಗಷ್ಟೇ ಚೊಕ್ಕ ಮಾಡಿದ್ದೆ!" ಎಂದು ಗದರಿದಳು
ಅಬ್ರೆಹೆತ್, ಬಾಯಿತುಂಬ ಬನ್ನು.